ಐದನೆಯ ಶೀಲ

ಹಿಂದೆ ಅಪ್ಪ ಕೆಮ್ಮಿದ. ಅದರ ಬೆನ್ನಿಗೇ ವಿಶಾಖಾಳ ತೊಡೆಯ ಮೇಲಿದ್ದ ಫೋನು ಗುರ್ರೆಂದು ನಡುಗಿತು. ಎರಡಕ್ಕೂ ಸಂಬಂಧವಿದೆ ಎಂಬುದು ಆ ಬಸ್ಸಿನಲ್ಲಿ ಅವಳೊಬ್ಬಳಿಗೇ ಗೊತ್ತು. ಬೀದರದ ಕೊನೆಯ ಮನೆಗಳು ಮುಗಿದು ತೊಗರಿ ಹೊಲಗಳು ಶುರುವಾಗಿದ್ದವು. ಮುಂದಿನ ಹೆಂಗಸರ ಸೀಟಿನಲ್ಲಿ ಅವ್ವನೂ ಅವಳೂ, ಹಿಂದೆ ಗಂಡಸರ ನಡುವೆ ಅಪ್ಪ. ಅವ್ವ ಶಾಲುಬಾಯಿ ಮದುವೆಗೆ ಕೊಡುವ ಆಹೇರಿನ ಸೀರೆಯ ಕಟ್ಟನ್ನು ಎದೆಗವಚಿಕೊಂಡು ಕಿಟಕಿಯ ಗಾಳಿಗೆ ಕಣ್ಣು ಮುಚ್ಚಿದ್ದಳು. ವಿಶಾಖಾ ಓಢಣಿಯನ್ನು ಫೋನಿನ ಮೇಲೆ ಎಳೆದುಕೊಂಡು, ಅದರ ಕೆಳಗೆ ಕಳ್ಳಿಯ ಹಾಗೆ ಓದಿದಳು: ‘ಮೇಡಂ, ಇದ್ದೀರಾ? ಸದರಿ ಚೀಲ ನನ್ನ ತೊಡೆಯ ಮೇಲೆಯೇ ಇದೆ.’ ಕಳಿಸಿದವರ ಹೆಸರು ವಿದ್ಯಾರ್ಥಿ. ಹೆಸರಿನ ಪಕ್ಕದಲ್ಲಿ ಹಸಿರು ಚುಕ್ಕಿ. ಈ ವಿದ್ಯಾರ್ಥಿಗೆ ತಲೆಯೆಲ್ಲ ಬೆಳ್ಳಗಾಗಿದೆ, ಸಂತಪುರದ ಸಾಲಿಯಲ್ಲಿ ಮಾಸ್ತರಿಕೆ, ಊರೆಲ್ಲ ಏಕನಾಥ ಗುರೂಜಿ ಎನ್ನುತ್ತದೆ, ಈಗ ಅವಳಿಗಿಂತ ನಾಲ್ಕು ಸೀಟು ಹಿಂದೆ ಕೂತು ಅವಳ ಬೆನ್ನನ್ನು ನೋಡುತ್ತಿರಬಹುದು. ಅವಳು ತಿರುಗಿ ನೋಡಲಿಲ್ಲ.

ಆ ಮೆಸೇಜು ಬಂದದ್ದು, ಕುಡಿತ ಬಿಡಬೇಕೆನ್ನುವವರಿಗಾಗಿ ಮಾಡಿದ ಒಂದು ಆಪಿನಿಂದ. ಹೆಸರು ಹೇಳಬೇಕಿಲ್ಲ, ಮುಖ ತೋರಿಸಬೇಕಿಲ್ಲ. ಬರೆದರೆ ಆ ಕಡೆಯಿಂದ ಯಾರೋ ಒಬ್ಬರು ಉತ್ತರ ಬರೆಯುತ್ತಾರೆ. ತಮ್ಮ ಕಡೆಯ ಮಾತು ಕಂಡರೆ ಜನ ಬಾಯಿ ಬಿಡುತ್ತಾರೆಂದು ಬೆಂಗಳೂರಿನ ಆಫೀಸಿನವರು ಜಿಲ್ಲೆಗೊಬ್ಬರಂತೆ ಆಯಾ ಕಡೆಯವರನ್ನೇ ಆರಿಸಿದ್ದರು. ಬೀದರ ಜಿಲ್ಲೆಯ ಪಾಲಿಗೆ ಇದ್ದವಳು ಸಪ್ನಾ ಮೇಡಂ ಒಬ್ಬಳೇ. ಆ ಸಪ್ನಾ ಮೇಡಂ ಎಂದರೆ ವಿಶಾಖಾ. ಮನೆಯಲ್ಲಿ ಅವಳದು ಕಂಪ್ಯೂಟರ್ ಕೆಲಸ ಎಂದಷ್ಟೇ ಗೊತ್ತು. ಕುಡಿಯುವವರ ಜೊತೆ ಮಾತಾಡುವ ಕೆಲಸ ಎಂದು ಅವ್ವನ ಮುಂದೆ ಹೇಳುವುದುಂಟೆ? ಅವ್ವನ ಅಪ್ಪ ಶಿಂದಿ ಕುಡಿದು ಕುಡಿದು ಮನೆಯ ತೊಲೆಯವರೆಗೆ ಮಾರಿಕೊಂಡು ಸತ್ತವನು. ಅದಕ್ಕೇ ಅವಳು ಹಟ ಹಿಡಿದು ಬುದ್ಧ ವಿಹಾರದಲ್ಲಿ ಪಂಚಶೀಲ ಹೇಳುವ ಹುಡುಗನನ್ನೇ ಕಟ್ಟಿಕೊಂಡಳು. ಇವತ್ತಿಗೂ ಓಣಿಯ ಹೆಂಗಸರ ಮುಂದೆ ಅವಳ ಜಂಬದ ಮಾತು ಒಂದೇ, ‘ನಮ್ಮ ಮನಿಯವರು ಚಹಾನೂ ಎರಡನೇ ಕಪ್ಪು ಕುಡಿಯಲ್ರಿ.’ ಅಪ್ಪನ ಕಣ್ಣು ಕೆಂಪಾದರೆ ಬಿಸಿಲು, ಬೆಳಿಗ್ಗೆ ಓಕರಿಸಿದರೆ ಪಿತ್ತ, ಬಾಯಿಂದ ಸದಾ ಏಲಕ್ಕಿಯ ವಾಸನೆ ಬಂದರೆ ಅದೊಂದು ಒಳ್ಳೆಯ ಹವ್ಯಾಸ. ಮೂವತ್ತು ವರ್ಷ ಅವಳು ಈ ಗೋಡೆಯನ್ನು ಒಂದೊಂದೇ ಇಟ್ಟಿಗೆಯಿಟ್ಟು ಕಟ್ಟಿದ್ದಳು. ಅದರ ನೆರಳಿನಲ್ಲೇ ಎಲ್ಲರೂ ಉಂಡು ಮಲಗುತ್ತಿದ್ದರು.

ವಿದ್ಯಾರ್ಥಿ ಮೊದಲ ಸಲ ಬರೆದದ್ದು ಮಳೆಗಾಲದ ಒಂದು ಸಂಜೆ. ‘ಸದರಿ ಚಟವು ನನಗೆ ಬಹಳ ವರ್ಷಗಳಿಂದ ಇರುತ್ತದೆ.’ ಸದರಿ ಚಟ! ಕುಡಿತವನ್ನು ಮೇಲಧಿಕಾರಿಗೆ ವರದಿ ಒಪ್ಪಿಸುವಂತೆ ಬರೆಯುವ ಮನುಷ್ಯ ಭೂಮಿಯ ಮೇಲೆ ಎಷ್ಟು ಜನ ಇದ್ದಾರು? ಅವಳಿಗೆ ಮೊದಲು ನಗು ಬಂತು, ಆಮೇಲೆ ಅನುಮಾನ ಬಂತು. ಅಪ್ಪ ಗ್ಯಾಸಿನವನಿಗೆ ಚೀಟಿ ಬರೆದರೂ ಸದರಿ ಸಿಲಿಂಡರ್ ಎಂದೇ ಬರೆಯುವವನು. ಆದರೂ ಇನ್ನೊಬ್ಬ ಮಾಸ್ತರ ಇರಬಾರದೇ, ಜಿಲ್ಲೆಯ ತುಂಬ ಮಾಸ್ತರರು ಎಂದುಕೊಂಡು ‘ನಮಸ್ಕಾರ್ರಿ, ಛಲೋ ಆತು ಬರದ್ರಿ’ ಎಂದು ಬರೆದು ಕಳಿಸಿದಳು. ಪಡಸಾಲೆಯಲ್ಲಿ ಟಿಂಗ್ ಎಂದಿತು. ಗೋಡೆಯ ಆಚೆ ಅಪ್ಪ ಗಂಟಲು ಸರಿಮಾಡಿಕೊಂಡು, ಅವ್ವನಿಗೆ ಕೇಳಿಸಲೆಂದೇ, ‘ಕಂಪನಿಯವರ ಮೆಸೇಜು, ರಿಚಾರ್ಜ್ ಮುಗೀತಂತ’ ಎಂದ. ಔರಾದ ಬಸ್ ಸ್ಟ್ಯಾಂಡಿನಲ್ಲಿ, ಸಂತಪುರದ ದವಾಖಾನೆಯ ಗೋಡೆಯಲ್ಲಿ ಆ ಆಪಿನ ಚೀಟಿಗಳನ್ನು ಅಂಟಿಸಲು ಕಳಿಸಿದ್ದವಳು ಅವಳೇ. ಊರಿಗೆಲ್ಲ ಬಲೆ ಬೀಸಿದವಳ ಬಲೆಗೆ ಮನೆಯ ಯಜಮಾನನೇ ಬಂದು ಬಿದ್ದಿದ್ದ.

ಪರಿಚಯದವರು ಬಂದರೆ ಕೂಡಲೇ ಬೇರೆಯವರಿಗೆ ಒಪ್ಪಿಸಬೇಕೆಂದು ತರಬೇತಿಯಲ್ಲಿ ಹೇಳಿದ್ದರು, ಅವಳು ತಲೆ ಆಡಿಸಿದ್ದಳು. ನಾಳೆ ಒಪ್ಪಿಸಿದರಾಯಿತು ಎಂದುಕೊಂಡಳು. ಆ ನಾಳೆ ಬರಲೇ ಇಲ್ಲ, ಯಾಕೆಂದರೆ ಅಪ್ಪ ಮಾತಾಡುತ್ತಿದ್ದ. ಹುಟ್ಟಿದಾಗಿನಿಂದ ಅವಳಿಗೆ ಅಪ್ಪನಿಂದ ಸಿಕ್ಕ ಮಾತೆಂದರೆ ಊಟ ಆತೇನು, ಮಾರ್ಕ್ಸ್ ಎಷ್ಟು ಬಂದಾವ, ಫ್ಯಾನ್ ಬಂದ್ ಮಾಡು. ಈಗ ಅದೇ ಮನುಷ್ಯ ಗೋಡೆಯ ಆಚೆ ಕೂತು, ಹದಿಹರೆಯದಲ್ಲಿ ತನ್ನ ತಮ್ಮ ಸತ್ತದ್ದು, ಸಾಲಿಯ ನಲ್ಲಿಯ ಹಿಂದೆ ನಿಂತು ನೀರಿನ ಬಾಟಲಿಯಲ್ಲಿ ಬೆರೆಸಿಕೊಂಡು ಕುಡಿಯುವುದು, ಹುಡುಗರು ಮೂಗು ಮುಚ್ಚಿಕೊಂಡದ್ದನ್ನು ನೋಡಿ ಅವರನ್ನೇ ಬೈದು ಹೊರಗೆ ಕಳಿಸಿದ್ದು, ಎಲ್ಲವನ್ನೂ ಬರೆಯುತ್ತಿದ್ದ. ಓದುತ್ತ ಅವಳಿಗೆ ಅಳು ಬರುತ್ತಿತ್ತು. ನಾಚಿಕೆಯಿಲ್ಲದ ಒಂದು ಸುಖವೂ ಆಗುತ್ತಿತ್ತು. ಉತ್ತರ ಕಳಿಸಲು ಕುಕ್ಕರಿನ ಸೀಟಿಗಾಗಿ ಕಾಯುತ್ತಿದ್ದಳು, ಟಿಂಗ್ ಎನ್ನುವುದು ಅದರಲ್ಲಿ ಮುಳುಗಲೆಂದು. ಒಮ್ಮೆ ಅವನು ಬರೆದ: ‘ಇವತ್ತು ರಕ್ತ ವಾಂತಿಯಾಯಿತು. ಒಬ್ಬನೇ ಹೋಗಿ ಡಾಕ್ಟರಿಗೆ ತೋರಿಸಿದೆ. ಕುಡಿದರೆ ಮತ್ತೊಮ್ಮೆ ಆಗುತ್ತದೆ, ಆ ಸಲ ಉಳಿಸುವುದು ಕಷ್ಟ ಎಂದರು. ಇದನ್ನು ನಿಮಗೆ ಮಾತ್ರ ತಿಳಿಸಿರುತ್ತೇನೆ.’ ಮರುದಿನ ಬೆಳಿಗ್ಗೆ ಅವ್ವ ಬಚ್ಚಲನ್ನು ತಿಕ್ಕುತ್ತ, ‘ನಿಮ್ಮಪ್ಪ ಎಲಿ ಅಡಿಕಿ ತಿಂದು ಇಲ್ಲೇ ಉಗಳ್ಯಾನ’ ಎಂದಾಗ ವಿಶಾಖಾ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು. ಸಪ್ನಾ ಮೇಡಂ ಅಡ್ಮಿಟ್ ಆಗಿರಿ ಎಂದು ದಿನಾ ಬರೆದಳು. ರಜೆ ಬರಲಿ, ಪರೀಕ್ಷೆ ಮುಗಿಯಲಿ, ಮದುವೆ ಒಂದು ಆಗಲಿ ಎಂದು ದಿನಾ ಉತ್ತರ ಬಂತು.

ಆ ಮದುವೆ ಇವತ್ತು. ಭಾಲ್ಕಿಯಲ್ಲಿ ಅವ್ವನ ಅಣ್ಣನ ಮಗ ಸುಶೀಲಕುಮಾರನದು. ಪಂಚಶೀಲ ಹೇಳಿಸುವವರು ಏಕನಾಥ ಗುರೂಜಿ ಎಂದು ಕಾರ್ಡಿನಲ್ಲೇ ಅಚ್ಚಾಗಿತ್ತು. ಬೀದರದ ವಿಹಾರದಲ್ಲಿಯಾದರೆ ಎಲ್ಲರೂ ಕೂಡಿಯೇ ಹೇಳುತ್ತಾರೆ. ಕೊಲ್ಲುವುದಿಲ್ಲ, ಕದಿಯುವುದಿಲ್ಲ ಎನ್ನುವ ತನಕ ಗಟ್ಟಿ ದನಿ ತೆಗೆದು, ಅಮಲು ಮುಟ್ಟುವುದಿಲ್ಲ ಎನ್ನುವ ಐದನೆಯ ಶೀಲ ಬಂದಾಗ ಅಪ್ಪ ತುಟಿ ಮಾತ್ರ ಆಡಿಸುತ್ತಾನೆ. ಅದನ್ನೂ ಬರೆದಿದ್ದ. ಕುಡಿದದ್ದಕ್ಕಿಂತ ಬುದ್ಧನ ಮುಂದೆ ಸುಳ್ಳು ಹೇಳುವುದು ದೊಡ್ಡ ತಪ್ಪೆಂದು ದನಿ ಏಳುವುದಿಲ್ಲವಂತೆ. ಮದುವೆಯಲ್ಲಿ ಹಾಗೆ ನಡೆಯದು. ಮೈಕಿನಲ್ಲಿ ಒಬ್ಬನೇ ಮೊದಲು ಹೇಳಬೇಕು, ಆಮೇಲೆ ಮದುಮಕ್ಕಳು ಹೇಳಬೇಕು. ಫೋನು ಮತ್ತೆ ನಡುಗಿತು. ‘ಈಗ ಕೈಗಳು ನಡುಗಲು ಆರಂಭಿಸಿವೆ. ಕುಡಿದರೆ ನಿಲ್ಲುತ್ತವೆ, ಆದರೆ ಕುಡಿದ ಬಾಯಲ್ಲಿ ಐದನೆಯದನ್ನು ಹೇಗೆ ಹೇಳಿಸಲಿ? ಕುಡಿಯದಿದ್ದರೆ ಮೈಕು ಹಿಡಿಯಲಾಗುವುದಿಲ್ಲ, ಎಲ್ಲರಿಗೂ ತಿಳಿಯುತ್ತದೆ. ಹಲಬರ್ಗಾದಲ್ಲಿ ಬಸ್ಸು ನಿಂತಾಗ ಇಳಿದು, ಚೀಲದಲ್ಲಿರುವ ಬಾಟಲಿ ತೆಗೆದು ಕುಡಿದುಬಿಡಲೇ?’ ಹಲಬರ್ಗಾ ದೂರ ಇರಲಿಲ್ಲ. ‘ಇಳಿಬ್ಯಾಡ್ರಿ. ಕೂತಲ್ಲೇ ಕೂಡ್ರಿ. ಮನ್ಯಾಗ ಹೇಳ್ಕೋಳುವಂಥವರು ಒಬ್ಬರರೇ ಅದಾರೇನ್ರಿ?’ ಎಂದು ಟೈಪ್ ಮಾಡಿ ಕಳಿಸಿ, ಬಸ್ಸಿನ ಗದ್ದಲದಲ್ಲೂ ಹಿಂದಿನ ಟಿಂಗ್ ಕೇಳಿಸಿ, ಕುತ್ತಿಗೆ ಒಳಗೆಳೆದುಕೊಂಡಳು. ಅಪ್ಪ ಈಗ ತಲೆಯೆತ್ತಿದರೆ, ಮಗಳು ಬಗ್ಗಿ ಬರೆದಾಗಲೆಲ್ಲ ಮೇಡಮ್ಮರ ಉತ್ತರ ಬರುವುದನ್ನು ನೋಡಿದರೆ, ಆಮೇಲೆ ಅವನು ಯಾರನ್ನೂ ನಂಬಲಾರ, ಬಾಟಲಿಯೊಂದನ್ನು ಬಿಟ್ಟು. ಅವ್ವ ಕಣ್ಣು ತೆರೆದು, ‘ಯಾರವ್ವಾ ಅದು, ಆಯಿತವಾರನೂ ಬಿಡಲ್ಲ ನಿನಗ?’ ಎಂದಳು. ‘ಆಫೀಸಿನವರು’ ಎಂದಳು ವಿಶಾಖಾ.

ಉತ್ತರ ತಡವಾಗಿ ಬಂತು. ‘ಒಬ್ಬ ಮಗಳಿದ್ದಾಳೆ. ಈಗಲೂ ಮುಂದಿನ ಸೀಟಿನಲ್ಲಿಯೇ ಕುಳಿತಿರುತ್ತಾಳೆ. ಆದರೆ ನನಗೆ ಅವಳ ಭಯ. ನಾನು ಮನೆಗೆ ಬಂದಾಗ ಅವಳು ಬಾಗಿಲು ತೆಗೆದು ಮೊದಲು ಉಸಿರು ಎಳೆದುಕೊಳ್ಳುತ್ತಾಳೆ, ಆನಂತರ ನನ್ನ ಮುಖ ನೋಡುತ್ತಾಳೆ. ಚಿಕ್ಕವಳಿದ್ದಾಗಿನಿಂದಲೂ ಹಾಗೆಯೇ. ಹೀಗಾಗಿ ನಾನು ಎಷ್ಟೋ ಸಲ ಗಾಂಧಿ ಗಂಜ್ ಮಾರ್ಕೆಟ್ಟಿನಲ್ಲಿ ಲಾರಿಗಳ ನಡುವೆ ಸುಮ್ಮನೆ ತಿರುಗಾಡಿ, ಅವಳು ಮಲಗಿದ ಮೇಲೆ ಬಂದಿರುತ್ತೇನೆ.’ ಅವಳು ಅದನ್ನು ಓದಿದಳು, ಮತ್ತೊಮ್ಮೆ ಓದಿದಳು. ತಾನು ಹಾಗೆ ಮಾಡುತ್ತೇನೆಂದು ಅವಳಿಗೆ ಗೊತ್ತೇ ಇರಲಿಲ್ಲ. ಬಾಗಿಲು, ಹೊಸ್ತಿಲ ಮೇಲೆ ಟಿಫಿನ್ ಚೀಲ ಹಿಡಿದ ಅಪ್ಪ, ಮೂಗಿಗೆ ಏಲಕ್ಕಿ, ಏಲಕ್ಕಿಯ ಕೆಳಗೆ ಇನ್ನೊಂದು. ಹೌದು, ಎಳೆದುಕೊಳ್ಳುತ್ತಿದ್ದಳು. ಪೋಲೀಸರ ನಾಯಿಯ ಹಾಗೆ. ಅವಳು ಅಪ್ಪನಿಗೆ ಹೆದರಿ ಬೆಳೆದಳು, ಅಪ್ಪ ಅವಳಿಗೆ ಹೆದರಿ ಗಂಜಿನ ಧೂಳಿನಲ್ಲಿ ಅಲೆದ. ಒಂದೇ ಮನೆಯಲ್ಲಿ ಎರಡು ಭಯಗಳು ಒಂದರ ಹಿಂದೊಂದು ಚಿಲಕ ಹಾಕಿಕೊಂಡು ಕೂತಿದ್ದವು. ಬಸ್ಸು ಹಲಬರ್ಗಾದಲ್ಲಿ ನಿಂತಿತು. ಜನ ಇಳಿದರು, ಹತ್ತಿದರು. ಹಿಂದಿನ ಬಾಗಿಲ ಕಡೆ ಚಪ್ಪಲಿಯ ಸದ್ದಾದಾಗಲೆಲ್ಲ ಅದು ಅಪ್ಪನದೇ ಎನಿಸಿತು. ತಿರುಗಿ ನೋಡಲು ಧೈರ್ಯವಿಲ್ಲದೆ ಅವಳು ಬರೆದಳು: ‘ಮಗಳಿಗೇ ಹೇಳ್ರಿ. ಇವತ್ತೇ. ಚೀಲ ಆಕಿ ಕೈಯಾಗ ಕೊಟ್ಟುಬಿಡ್ರಿ. ನನ್ನ ಮ್ಯಾಲ ಭರೋಸಾ ಇಡ್ರಿ.’ ಕಳಿಸಿದ ಮೇಲೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಯಾವ ಭರೋಸಾ? ಒಂದು ಕೈಯಿಂದ ಅಟ್ಟಿ ಇನ್ನೊಂದು ಕೈಯಿಂದ ಹಿಡಿಯುವ ಬೇಟೆಗಾರ್ತಿಯ ಮಾತು ಇದು. ಬಸ್ಸು ಹೊರಟಿತು. ಹಿಂದೆ ಅಪ್ಪ ಕೆಮ್ಮಿದ್ದು ಕೇಳಿಸಿತು, ಅವನು ಇಳಿದಿರಲಿಲ್ಲ.

ಭಾಲ್ಕಿಯ ಮದುವೆ ಹಾಲ್‌ನಲ್ಲಿ ಜೈ ಭೀಮ, ಜೈ ಭೀಮ ಎಂದು ಎಲ್ಲ ಕಡೆಯಿಂದ ಕೈಗಳು ಬಂದವು. ಅಪ್ಪ ಬಿಳಿ ಅಂಗಿಯ ಮೇಲೆ ಜಾಕೀಟು ಹಾಕಿ, ಚೀಲವನ್ನು ಹೆಗಲಿಗೆ ಸಿಕ್ಕಿಸಿಕೊಂಡು, ಎಲ್ಲರಿಗೂ ಎಡಗೈಯನ್ನು ಜೇಬಿನಲ್ಲಿಟ್ಟುಕೊಂಡೇ ಬಲಗೈ ಎತ್ತಿದ. ಅವಳು ಅವನ ನಡಿಗೆಯ ಹಿಂದೆಯೇ ಕಣ್ಣು ಇಟ್ಟಿದ್ದಳು. ಅವ್ವ ಮದುಮಗಳು ಮಹಾಮಾಯಾಳ ಕೋಣೆಗೆ ಹೋದದ್ದೇ ಅವನು ಬಂದ. ‘ವಿಶಾಖಾ, ಜರಾ ಈ ಕಡಿ ಬಾ.’ ಅಡುಗೆಯ ಪೆಂಡಾಲಿನ ಹಿಂದೆ, ಖಾಲಿ ಕೊಪ್ಪರಿಗೆಗಳ ನಡುವೆ ನಿಂತರು. ಅವನ ಹಣೆಯಲ್ಲಿ ಬೆವರು ಕೂತಿತ್ತು. ಅವಳು ಉಸಿರು ಬಿಗಿಹಿಡಿದಳು, ಎಳೆದುಕೊಳ್ಳಬಾರದೆಂದು.

‘ನಾ ಕುಡಿತೇನವ್ವಾ’ ಎಂದ ಅಪ್ಪ, ನೆಲ ನೋಡುತ್ತ. ‘ಭಾಳ ದಿನದಿಂದ. ಸಾಲ್ಯಾಗೂ ಕುಡೀತೇನಿ.’

ಈಗ ಅವಳು ಬೆಚ್ಚಬೇಕಿತ್ತು. ಬೆಚ್ಚದಿದ್ದರೆ ಗೊತ್ತಾಗುತ್ತದೆ, ಹೆಚ್ಚು ಬೆಚ್ಚಿದರೂ ಗೊತ್ತಾಗುತ್ತದೆ. ‘ಖರೇನೇನಪ್ಪಾ?’ ಎಂದಳು. ಹೊರಬಂದ ದನಿ ಸಾಲಿಯ ಗ್ಯಾದರಿಂಗಿನ ನಾಟಕದ್ದಾಗಿತ್ತು. ಪಾಠ ಓದದೆ ಬಂದ ಹುಡುಗಿಯನ್ನು ಹಿಂದಿನ ಬೆಂಚಿನಲ್ಲೂ ಗುರುತಿಸುವ ಮಾಸ್ತರ ಒಂದು ಗಳಿಗೆ ಅವಳ ಮುಖವನ್ನು ನೋಡಿದ. ಆದರೆ ಅವನ ಗಮನ ತನ್ನ ಕೈಗಳ ಮೇಲಿತ್ತು. ಅವು ಚೀಲದ ಹಿಡಿಕೆಯನ್ನು ಹಿಂಡುತ್ತಿದ್ದವು. ‘ಒಬ್ಬರು ಮೇಡಂ ಅದಾರ. ಮಾರಿ ನೋಡಿಲ್ಲ ಅವರದು. ಅವರೇ ಅಂದರು, ಮಗಳಿಗೆ ಹೇಳ್ರಿ, ಚೀಲ ಆಕಿ ಕೈಯಾಗ ಕೊಡ್ರಿ ಅಂತ. ಹೇಳಿದೆ.’

‘ಹಂಗಾದ್ರ ಕೊಡ್ರಿ ಅಪ್ಪಾ.’

ಕೈ ಮುಂದೆ ಬಂತು, ಬಂದದ್ದು ಹಿಂದೆ ಹೋಯಿತು. ‘ಆಗಲ್ಲ. ತಡಿ, ಅವರಿಗೆ ಕೇಳ್ತೇನಿ.’ ಚೀಲವನ್ನು ಕಂಕುಳಲ್ಲಿ ಅವಚಿ, ಎರಡೂ ಹೆಬ್ಬೆರಳಿನಿಂದ ತಡವರಿಸುತ್ತ ಅವನು ಬರೆದ. ಅವಳ ಕೈಯಲ್ಲಿ ಫೋನು ಸದ್ದಿಲ್ಲದೆ ನಡುಗಿತು, ಬೆರಳಿನ ಮೂಳೆಯವರೆಗೆ. ಅವನು ತನ್ನ ಫೋನನ್ನೇ ನೋಡುತ್ತ ನಿಂತ. ಎದುರಿಗೆ ಸ್ವಂತ ಮಗಳು ಕೈಚಾಚಿ ನಿಂತಿದ್ದರೂ, ಕಾಣದ ಯಾರೋ ಹೂಂ ಎನ್ನುವ ತನಕ ಅವನಿಂದ ಆಗದು. ಸಪ್ನಾ ಮೇಡಂ ಮೇಲೆ ವಿಶಾಖಾಳಿಗೆ ಸಿಟ್ಟು ಬಂತು, ಸವತಿಯ ಮೇಲೆ ಬರುವಂಥ ಸಿಟ್ಟು. ಎಲ್ಲ ಮಾತು ಅವಳಿಗೆ, ಎಲ್ಲ ಭರೋಸಾ ಅವಳಿಗೆ. ‘ಕೂಡ್ಲೇ ಬರೀತಾರ ಅವರು ಯಾವಾಗಲೂ. ಇವತ್ತ ಏನಾತು?’ ಎಂದು ಅಪ್ಪ ಗಾಬರಿಯಿಂದ ಫೋನನ್ನು ಎತ್ತಿ ಸಿಗ್ನಲ್ ನೋಡಿದ. ಒಳಗಿನಿಂದ ಮೈಕು ಕೂಗಿತು, ‘ಏಕನಾಥ ಗುರೂಜಿಯವರು ಜಲ್ದಿ ಸ್ಟೇಜ್ ಮ್ಯಾಲ ಬರಬೇಕ್ರಿ.’ ಅವನ ಬೆರಳು ಚೀಲದ ಝಿಪ್ಪಿನ ಮೇಲೆ ಹೋಯಿತು. ‘ಒಂದ ಗುಟಕ, ವಿಶಾಖಾ. ಆ ಕಡಿ ತಿರುಗು. ಕೈ ನಿಲ್ಲಲಿ ಅಷ್ಟೇ’ ಎಂದ. ಝಿಪ್ಪು ಸರಿದದ್ದು ಕೇಳಿಸಿತು.

ಒಂದು ನೆಪ ಹೇಳಿ ಬಚ್ಚಲಿಗೆ ಓಡಿ, ಅಲ್ಲಿಂದ ಬರೆಯಬಹುದಿತ್ತು. ಅಷ್ಟು ಹೊತ್ತು ಇರಲಿಲ್ಲ. ಅವನ ಎದುರಿಗೇ, ಓಢಣಿಯ ಮರೆಯಿಲ್ಲದೆ, ಫೋನನ್ನು ಎದೆಯ ಮಟ್ಟಕ್ಕೆ ಎತ್ತಿ ಅವಳು ಎರಡು ಶಬ್ದ ಬರೆದು ಕಳಿಸಿದಳು.

ಅಪ್ಪನ ಕೈಯಲ್ಲಿ ಟಿಂಗ್ ಎಂದಿತು. ಅವನು ಓದಿದ: ‘ಕೊಡ್ರಿ, ಅಪ್ಪಾ.’ ತಲೆಯೆತ್ತಿ ಅವಳ ಫೋನನ್ನು ನೋಡಿದ, ಮತ್ತೆ ತನ್ನದನ್ನು ನೋಡಿದ. ಮುಖದಲ್ಲಿ ಸಿಟ್ಟು ಬರಲಿಲ್ಲ. ಅವಳು ಸಿಟ್ಟಿಗಾಗಿಯೇ ಕಾಯುತ್ತಿದ್ದಳು, ಕಪಾಳಕ್ಕೆ ಹೊಡೆದಿದ್ದರೂ ಹಾಯೆನಿಸುತ್ತಿತ್ತು. ಬರೆದದ್ದೆಲ್ಲ ಒಂದೊಂದೇ ನೆನಪಾಗುತ್ತಿದ್ದಂತೆ, ಸತ್ತ ತಮ್ಮ, ಸಾಲಿಯ ನಲ್ಲಿ, ರಕ್ತ, ಬಾಗಿಲು, ಅವನ ಕಣ್ಣುಗಳು ಸಣ್ಣವಾಗುತ್ತ ಹೋದವು. ತುಂಬಿದ ಸಭೆಯಲ್ಲಿ ಬಟ್ಟೆ ಕಳಚಿದವನ ಹಾಗೆ ಜಾಕೀಟಿನ ಗುಂಡಿಯನ್ನು ಮುಟ್ಟಿ ನೋಡಿಕೊಂಡ. ಆಮೇಲೆ ಝಿಪ್ಪು ಎಳೆದು ಚೀಲವನ್ನು ಮುಂದೆ ಹಿಡಿದ. ‘ತಗೋರಿ ಮೇಡಂ’ ಎಂದ, ಪರ ಊರಿನವರಿಗೆ ಹೇಳುವ ಹಾಗೆ. ಅವಳನ್ನು ದಾಟಿ ಒಳಗೆ ಹೋದ.

ಅವಳು ಚೀಲ ಹಿಡಿದು ಬಾಗಿಲ ಪಕ್ಕ ನಿಂತಳು. ಅಪ್ಪ ಮೈಕನ್ನು ಕೈಗೆ ತೆಗೆದುಕೊಳ್ಳದೆ ಸ್ಟ್ಯಾಂಡಿನಲ್ಲೇ ಬಿಟ್ಟು ಎರಡೂ ಕೈ ಜೋಡಿಸಿದ. ಜೋಡಿಸಿದ ಕೈಗಳು ನಡುಗುವುದು ಕೊನೆಯ ಸಾಲಿನ ತನಕ ಕಾಣುತ್ತಿತ್ತು. ಮೊದಲನೆಯದು ಹೇಳಿದ, ಮದುಮಕ್ಕಳು ಹೇಳಿದರು. ಎರಡು, ಮೂರು, ನಾಲ್ಕು. ಆಮೇಲೆ ನಿಂತ. ಹಾಲಿನಲ್ಲಿ ಮಕ್ಕಳ ಗದ್ದಲವೂ ಅಡಗಿ ಫ್ಯಾನುಗಳು ಮಾತ್ರ ಉಳಿದವು. ಮುಂದಿನ ಸಾಲಿನ ಹಿರಿಯರೊಬ್ಬರು ಮರೆತನೇನೋ ಎಂದು ಮೊದಲ ಶಬ್ದವನ್ನು ಮೆಲ್ಲಗೆ ಎತ್ತಿಕೊಟ್ಟರು. ಅಪ್ಪ ಅವರತ್ತ ನೋಡಿ, ಗೊತ್ತದ ಎಂಬಂತೆ ತಲೆ ಆಡಿಸಿದ. ವಿಶಾಖಾಳಿಗೆ ಅವನು ಈಗ ಬೀಳುತ್ತಾನೆ ಎನಿಸಿತು. ಅವನು ಬಾಯಿ ತೆರೆದ, ದನಿ ಬಂತು. ಒಡೆದ ದನಿ, ಆದರೆ ದನಿಯೇ. ಇಡೀ ಐದನೆಯ ಶೀಲ, ಒಂದು ಅಕ್ಷರವನ್ನೂ ನುಂಗದೆ. ಮದುಮಕ್ಕಳು ಹೇಳಿದರು, ಅವರ ಹಿಂದೆ ಹಾಲೆಲ್ಲ ಹೇಳಿತು, ಚೀಲ ಹಿಡಿದವಳ ಬಾಯಿ ಮಾತ್ರ ತೆರೆಯಲಿಲ್ಲ.

ಹೂವು ಬಿದ್ದವು, ವಾಜಂತ್ರಿ ಶುರುವಾಯಿತು. ಅಪ್ಪ ಮೆಟ್ಟಿಲಿಳಿದು, ಕೈ ಹಿಡಿಯಲು ಬಂದವರನ್ನು ತಪ್ಪಿಸಿಕೊಂಡು, ನೇರ ಅವಳ ಮುಂದೆ ಬಂದು ನಿಂತ. ಅಂಗಿಯ ಕಾಲರು ಒದ್ದೆಯಾಗಿತ್ತು.

‘ಆತಲ್ಲ. ಚೀಲ ಕೊಡು’ ಎಂದು ಕೈ ಒಡ್ಡಿದ.

ಸಪ್ನಾ ಮೇಡಮ್ಮಿಗೆ ಇದಕ್ಕೆಲ್ಲ ಉತ್ತರ ಗೊತ್ತಿತ್ತು. ಕೊಟ್ಟರೆ ಡಾಕ್ಟರ್ ಹೇಳಿದ್ದು ಆಗುತ್ತದೆ. ದಿನಾ ಕುಡಿಯುವವನಿಗೆ ಕೊಡದೆ ಸುಮ್ಮನೆ ಮನೆಗೆ ಕರೆದೊಯ್ದರೂ ಮೈ ತಿರುಚಿಕೊಂಡು ಬೀಳಬಹುದು, ಜೀವವೇ ಹೋಗಬಹುದು, ತರಬೇತಿಯಲ್ಲಿ ಅದನ್ನೂ ಹೇಳಿದ್ದರು. ಆದರೆ ಆ ಮೇಡಂ ಕೊಪ್ಪರಿಗೆಗಳ ನಡುವೆಯೇ ಸತ್ತಿದ್ದಳು. ಇನ್ನು ಮೇಲೆ ಗೋಡೆಯ ಆಚೆಯಿಂದ ಯಾರೂ ಏನೂ ಬರೆಯುವುದಿಲ್ಲ. ಉಳಿದವಳು ಅಪ್ಪನ ಕಣ್ಣನ್ನು ನೋಡಲು ಹೆದರುವ ವಿಶಾಖಾ ಒಬ್ಬಳೇ. ಅವಳು ಚೀಲವನ್ನು ಬೆನ್ನ ಹಿಂದೆ ಮಾಡಿದಳು.

‘ಕೊಡಲ್ಲಪ್ಪಾ. ದವಾಖಾನಿಗೆ ಹೋಗೂಣು ನಡೀರಿ. ಬೀದರಕ್ಕ. ಈಗೇ.’

‘ಊಟ ಬಿಟ್ಟು? ಮಂದಿ ಏನಂತಾರ?’

‘ಏನರೇ ಅನ್ಲಿ.’

ಅವನ ಬೆರಳುಗಳು ಗಾಳಿಯಲ್ಲಿ ಒಂದೇ ಸಮನೆ ನಡುಗುತ್ತಿದ್ದವು. ಅವನು ಅವನ್ನು ನೋಡಿಕೊಂಡ, ಬೇರೆ ಯಾರದೋ ಕೈ ನೋಡುವಂತೆ. ‘ಯಾರ ಮಾತಿದು?’ ಎಂದ ಮೆಲ್ಲಗೆ. ‘ಆ ಮೇಡಮ್ಮರದೋ, ನಿಂದೋ?’

‘ನಂದೇ’ ಎಂದಳು. ‘ನನಗ ಹೆದರಿಕಿ ಆಗ್ಲಕತ್ತದಪ್ಪಾ. ನೀವು ಸಾಯ್ತೀರಿ ಅಂತ ದಿನಾ ಹೆದರಿಕಿ ನನಗ.’

ಅಪ್ಪ ಕೈಯನ್ನು ಇಳಿಸಿದ. ಬಾಗಿಲ ಬಳಿಯ ಚಪ್ಪಲಿಗಳ ರಾಶಿಯ ಮುಂದೆ ಗೋಡೆ ಹಿಡಿದು ಕುಕ್ಕರಗಾಲಿನಲ್ಲಿ ಕೂತು, ತನ್ನ ಜೋಡನ್ನು ಹುಡುಕತೊಡಗಿದ. ಒಂದು ಸಿಕ್ಕಿತು, ಇನ್ನೊಂದು ಸಿಗಲಿಲ್ಲ. ಹಾಲಿನ ಆ ತುದಿಯಿಂದ ಅವ್ವ ಬರುತ್ತಿದ್ದಳು, ಲಡ್ಡಿನ ತಟ್ಟೆ ಹಿಡಿದು. ಗಂಡ ಹೇಳಿಸಿದ್ದು ಛಲೋ ಆಯಿತೆಂದು ದಾರಿಯಲ್ಲಿ ಸಿಕ್ಕವರೆಲ್ಲ ಹೇಳುತ್ತಿದ್ದರು, ಅವಳು ಒಬ್ಬೊಬ್ಬರಿಗೂ ನಿಂತು ನಗುತ್ತಿದ್ದಳು.

‘ಹಂಗಾದ್ರ’ ಎಂದ ಅಪ್ಪ, ತಲೆ ಎತ್ತದೆ, ‘ನಿಮ್ಮವ್ವಗ ನೀನೇ ಹೇಳು.’

ಅವ್ವ ಬಂದೇಬಿಟ್ಟಳು. ‘ಯಾಕ, ಜೋಡು ಯಾಕ ಹುಡುಕ್ಲಕತ್ತಾನ ನಿಮ್ಮಪ್ಪ?’ ಎಂದು ಒಂದು ಲಡ್ಡು ಮುರಿದು ವಿಶಾಖಾಳ ಬಾಯಿಯ ಹತ್ತಿರ ಹಿಡಿದಳು.